ಗಲಾಟೆ ಮಾಡಿದ ಮಗ ಕಂಡ, ಸುಮ್ಮನಿದ್ದ ಮಗಳು ಕಾಣಲಿಲ್ಲ



ಈ ಪತ್ರಿಕೆಯಲ್ಲಿ ನಾವು ಕೆಚ್ಚಲು ಬಾವು, ಮೇವಿನ ಬೆಳೆ, ಖನಿಜ ಮಿಶ್ರಣ, ಕರು ಸಾಕಣೆ ಇವುಗಳ ಬಗ್ಗೆ ಓದುತ್ತೇವೆ. ಈ ಸಲ ಮಕ್ಕಳ ವಿಷಯ ಬರೆಯಬೇಕೆನಿಸಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ ನಾಲ್ಕನೇ ತರಗತಿಯಲ್ಲಿದ್ದ ಮಕ್ಕಳು 2025-26ರಲ್ಲಿ ಎಸ್ಸೆಸ್ಸೆಲ್ಸಿಗೆ ಬಂದರು. ನನ್ನ ಮಗಳೂ ಅವರಲ್ಲಿ ಒಬ್ಬಳು.

ನಾನು ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಪರೀಕ್ಷಕಿ. ನನ್ನ ಮನೆಯಲ್ಲೂ ಎರಡು ಕರೆಯುವ ಹಸುಗಳಿವೆ. ಮೊನ್ನೆ ಸಂಜೆ ಹಾಲು ಹಾಕಲು ಬಂದ ಅಕ್ಕ ಒಬ್ಬರು, "ಹುಡುಗ್ರು ಫೋನ್ ಬಿಟ್ಟು ತಲೆ ಎತ್ತಲ್ಲ ಕಣವ್ವ. ಕೊರೊನಾ ಹೋಯ್ತು, ಈ ಚಟ ಉಳೀತು" ಅಂದರು. ಸಾಲಿನಲ್ಲಿದ್ದವರೆಲ್ಲ ಹೌದು ಹೌದು ಅಂದರು. ನಾನೂ ಅಂದೆ. ಮನೆಗೆ ಬಂದು ಯೋಚಿಸಿದಾಗ ಆ ಮಾತು ಅರ್ಧ ಮಾತ್ರ ನಿಜ ಅನ್ನಿಸಿತು. ಇನ್ನರ್ಧವನ್ನು ನನ್ನ ಮನೆಯ ಕಥೆಯಿಂದಲೇ ಹೇಳುತ್ತೇನೆ.

ಆ ದಿನಗಳು ನಿಮಗೂ ನೆನಪಿರಬೇಕು. ಊರಿನಲ್ಲಿ ಎಲ್ಲವೂ ನಿಂತಿತ್ತು, ಹಾಲು ಮಾತ್ರ ನಿಲ್ಲಲಿಲ್ಲ. ಹಸುವಿಗೆ ಲಾಕ್‌ಡೌನ್ ಗೊತ್ತಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಂತು ಹಾಲು ಹಾಕಿದೆವು. ಹೋಟೆಲು, ಮದುವೆ ಎಲ್ಲ ನಿಂತು ಹಾಲು ಮಿಕ್ಕಿದಾಗ 2020ರ ಏಪ್ರಿಲ್‌ನಲ್ಲಿ ಸರ್ಕಾರವೇ ಕೊಂಡು ಬಡವರಿಗೆ ಉಚಿತವಾಗಿ ಹಂಚಿತು. ನಮ್ಮ ಬಟವಾಡೆ ತಪ್ಪಲಿಲ್ಲ. ಆ ವಿಷಯದಲ್ಲಿ ನಾವು ಪುಣ್ಯವಂತರು.

ಶಾಲೆಗಳ ಕಥೆ ಬೇರೆಯಾಯಿತು. ಆ ಜೂನ್‌ನಲ್ಲಿ ಸರ್ಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠ ಬೇಡ ಎಂದಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಆಗಸ್ಟಿನಲ್ಲಿ 'ವಿದ್ಯಾಗಮ' ಶುರುವಾಗಿ ಮೇಷ್ಟ್ರುಗಳು ಗುಡಿಯ ಜಗಲಿ, ಅರಳಿಕಟ್ಟೆಗಳಿಗೇ ಬಂದು ಪಾಠ ಮಾಡಿದರು. ಸೋಂಕು ಹರಡಿ ಅಕ್ಟೋಬರಿನಲ್ಲಿ ಅದೂ ನಿಂತಿತು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷ ದಾಟಿತ್ತು.

ನನ್ನ ಮಗ ಆಗ ತಾಲೂಕು ಕೇಂದ್ರದ ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ಈ ವ್ಯತ್ಯಾಸ ಮಾಡಿದವರು ನಾವೇ. ಮಗನ ಶಾಲೆಯಿಂದ ಆನ್‌ಲೈನ್ ಕ್ಲಾಸು ಎಂದು ಮೆಸೇಜ್ ಬಂತು. ಮನೆಯಲ್ಲಿದ್ದದ್ದು ಬಟನ್ ಫೋನು. ಒಂದು ಕಡಸು ಮಾರಿ ಸ್ಮಾರ್ಟ್‌ಫೋನ್ ತಂದೆವು. ನಾವೊಬ್ಬರೇ ಹೀಗೆ ಮಾಡಿದ್ದಲ್ಲ. ಗ್ರಾಮೀಣ ಭಾರತದಲ್ಲಿ ಶಾಲೆಗೆ ಹೋಗುವ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು 2018ರಲ್ಲಿ ಶೇಕಡಾ 36.5. 2021ರ ಹೊತ್ತಿಗೆ ಅದು ಶೇಕಡಾ 67.6 ಆಗಿತ್ತು ಎಂದು 'ಅಸರ್' ಸಮೀಕ್ಷೆ ಹೇಳುತ್ತದೆ. ಮೂರೇ ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು. ಇವನ್ನು ಹೆಚ್ಚಿನವರು ಓದಿನ ಹೆಸರಿನಲ್ಲೇ, ಸಾಲ ಸೋಲ ಮಾಡಿಯೇ ತಂದಿರುತ್ತಾರೆ.

ಫೋನು ಮಗನ ಕೈಗೆ ಹೋಯಿತು. "ಅಣ್ಣಂಗೆ ಕ್ಲಾಸ್ ಐತೆ, ನೀನು ಕೊಟ್ಟಿಗೆ ನೋಡ್ಕೊ" ಎಂದು ಮಗಳಿಗೆ ಹೇಳಿದವಳು ನಾನೇ. ಹತ್ತು ವರ್ಷದ ಹುಡುಗಿ ಸಗಣಿ ಬಾಚಿದಳು, ಕರುವಿಗೆ ನೀರು ಕುಡಿಸಿದಳು, ಕ್ಯಾನು ತೊಳೆದಳು. ಅತ್ತೆಯವರು "ಎಷ್ಟು ಜಾಣೆ ನೋಡು, ಒಂದು ಮಾತು ಎದುರಾಡಲ್ಲ" ಎಂದು ಹೊಗಳಿದರು. ನನಗೂ ಕೈಗೊಬ್ಬಳು ಸಿಕ್ಕಳಲ್ಲ ಎಂದು ಸಮಾಧಾನವಾಯಿತು.

ಮೂರು ತಿಂಗಳಲ್ಲಿ ಮಗನ ಪಾಠ ದಿನಕ್ಕೆ ಎರಡು ಗಂಟೆ, ಆಟ ಆರು ಗಂಟೆ ಆಗಿತ್ತು. ಬೆಳಗಿನ ಜಾವ ನಾನು ಹಾಲು ಕರೆಯಲು ಏಳುವ ಹೊತ್ತಿಗೆ ಅವನು ಆಗ ತಾನೇ ಮಲಗುತ್ತಿದ್ದ. ಊಟಕ್ಕೆ ಕರೆದರೆ ಸಿಡುಕು. ಒಂದು ಬಟವಾಡೆಯಲ್ಲಿ 1,800 ರೂಪಾಯಿ ಕಡಿಮೆ ಕಂಡಿತು. ವಿಚಾರಿಸಿದರೆ ಆಟದೊಳಗೆ ಏನೋ ಕೊಳ್ಳಲು ನಮ್ಮ ಯಜಮಾನರ ಖಾತೆಯಿಂದ ಕಟ್ಟಿದ್ದ. ಅವರು ಫೋನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಗ ಎರಡು ದಿನ ಊಟ ಬಿಟ್ಟ, ಎಂಟು ದಿನ ನಮ್ಮ ಜೊತೆ ಮಾತು ಬಿಟ್ಟ. ಮನೆಯೆಲ್ಲ ಅವನ ಸುತ್ತಲೇ ಓಡಾಡಿತು. ಬೈದೆವು, ಬೇಡಿಕೊಂಡೆವು, ದೇವರಿಗೆ ಹರಕೆ ಹೊತ್ತೆವು.

ಅದೇ ಹೊತ್ತಿನಲ್ಲಿ ಮಗಳಿಗೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು. ಓಮದ ಕಷಾಯ ಕೊಟ್ಟೆ, ದೃಷ್ಟಿ ತೆಗೆದೆ, ಜಂತುಹುಳದ ಮಾತ್ರೆ ಕೊಡಿಸಿದೆ. ವಿದ್ಯಾಗಮ ನಡೆದ ವಾರಗಳಲ್ಲಿ ನೋವು ತಾನಾಗಿಯೇ ಹೋಗಿತ್ತು. ಮಾರಮ್ಮನ ಗುಡಿ ಜಗಲಿಗೆ ಚಾಪೆ ಹಿಡಿದುಕೊಂಡು ಓಡುತ್ತಿದ್ದಳು. ವಿದ್ಯಾಗಮ ನಿಂತ ಮೇಲೆ ನೋವು ಮತ್ತೆ ಬಂತು. ಈ ಎರಡನ್ನೂ ನಾನು ಕೂಡಿಸಿ ನೋಡಲಿಲ್ಲ. ಕೊನೆಗೆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು. "ಹೊಟ್ಟೇಲಿ ಏನೂ ಇಲ್ಲಮ್ಮ. ಈ ಮಗು ದಿನಾ ಯಾರ ಜೊತೆ ಆಡುತ್ತೆ?" ಎಂದು ಕೇಳಿದರು.

ನನ್ನ ಬಾಯಿಂದ ಉತ್ತರ ಬರಲಿಲ್ಲ. ಮಗಳೇ, "ಗೌರಿ ಜೊತೆ" ಅಂದಳು. ಗೌರಿ ನಮ್ಮ ಕರುವಿನ ಹೆಸರು.

ದಿನಕ್ಕೆರಡು ಸಲ ಊರಿನವರೆಲ್ಲರ ಹಾಲಿನ ಫ್ಯಾಟು, ಡಿಗ್ರಿ ನೋಡುವವಳು ನಾನು. ಹಾಲಿಗೆ ನೀರು ಸೇರಿದ್ದರೆ ಹಿಡಿಯುತ್ತೇನೆ. ನನ್ನ ಮಗಳು ಆರು ತಿಂಗಳು ಒಬ್ಬ ಗೆಳತಿಯ ಜೊತೆಯೂ ಮಾತಾಡಿಲ್ಲ ಎಂಬುದು ನನಗೆ ಕಂಡಿರಲಿಲ್ಲ.

ಮಕ್ಕಳನ್ನು ಫೋನು ಕೆಡಿಸಿತು ಎಂದು ನಾವೆಲ್ಲ ಹೇಳುತ್ತೇವೆ. ನಾನು ಹೇಳುವುದು ಇಷ್ಟು: ಶಾಲೆ ಮುಚ್ಚಿದಾಗ ಮಕ್ಕಳು ಮೊದಲು ಕಳೆದುಕೊಂಡದ್ದು ಜೊತೆಗಾರರನ್ನು. ಗಂಡುಮಗ ಆ ಖಾಲಿ ಜಾಗಕ್ಕೆ ಫೋನು ತುಂಬಿಕೊಂಡ. ಹೆಣ್ಣುಮಗಳಿಗೆ ಫೋನೂ ಇಲ್ಲ, ಗೆಳತಿಯರೂ ಇಲ್ಲ, ಸಿಕ್ಕಿದ್ದು ಕೆಲಸ. ಒಬ್ಬರಿಗೆ ಇಂಟರ್ನೆಟ್ ಅತಿಯಾಗಿ ಮನಸ್ಸು ಕೆಟ್ಟಿತು, ಇನ್ನೊಬ್ಬರಿಗೆ ಯಾವ ಸಂಪರ್ಕವೂ ಇಲ್ಲದೆ ಕೆಟ್ಟಿತು. ಗಲಾಟೆ ಮಾಡಿದ್ದಕ್ಕೆ ಮಗ ನಮ್ಮ ಕಣ್ಣಿಗೆ ಬಿದ್ದ. ಮಗಳು ಸುಮ್ಮನಿದ್ದಳು, ಅದಕ್ಕೆ "ಜಾಣೆ" ಎಂದು ಹೆಸರಿಟ್ಟೆವು. ನಮ್ಮ ಪಕ್ಕದ ಬೀದಿಯಲ್ಲಿ ಇಂಥದೇ ಇನ್ನೊಬ್ಬ ಜಾಣೆ ಶಾಲೆ ತೆರೆದಾಗ ವಾಪಸು ಹೋಗಲಿಲ್ಲ. ಅಷ್ಟರಲ್ಲಿ ಅವಳ ಮದುವೆ ಮುಗಿದಿತ್ತು.

ಪಾಠದ ನಷ್ಟವೂ ಚಿಕ್ಕದಲ್ಲ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಎರಡರಿಂದ ಆರನೇ ತರಗತಿಯ 16,067 ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಕೌಶಲಗಳಲ್ಲಿ ಕನಿಷ್ಠ ಒಂದನ್ನು ಶೇಕಡಾ 92 ಮಕ್ಕಳು ಮರೆತಿದ್ದರು. ಲೆಕ್ಕದಲ್ಲಿ ಶೇಕಡಾ 82. ಇದನ್ನು ಸರಿಪಡಿಸಲು 2022ರಲ್ಲಿ ಶಾಲೆಗಳಲ್ಲಿ 'ಕಲಿಕಾ ಚೇತರಿಕೆ' ಎಂದು ವರ್ಷಪೂರ್ತಿ ಕಾರ್ಯಕ್ರಮ ನಡೆಯಿತು. ಓದಿಗೆ ಚೇತರಿಕೆ ಬಂತು. ಮನಸ್ಸಿನ ಚೇತರಿಕೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಮನೆಯಲ್ಲೇ ಆಗಬೇಕಿತ್ತು.

ಕೆಲವರು ಕೇಳಬಹುದು, "ಫೋನು ಕಿತ್ತಿಟ್ಟರೆ ಆಯ್ತಲ್ಲ?" ನಾವೂ ಹಾಗೇ ಮಾಡಿದ್ದು. ಅದು ನಡೆಯಲಿಲ್ಲ. ಈಗಂತೂ ಹೋಂವರ್ಕು, ಪರೀಕ್ಷೆ ವೇಳಾಪಟ್ಟಿ, ಸ್ಕಾಲರ್‌ಶಿಪ್ ಅರ್ಜಿ ಎಲ್ಲವೂ ಫೋನಿನಲ್ಲೇ ಬರುತ್ತವೆ. ಫೋನಿನಿಂದ ಒಳ್ಳೆಯದೂ ಆಗಿದೆ. ಮಗಳ ಟೀಚರು ಆಗಾಗ ವಾಟ್ಸಾಪಿನಲ್ಲಿ ದನಿ ಕಳಿಸಿ "ಹೇಗಿದ್ದೀಯ ಪುಟ್ಟಿ" ಎಂದು ಕೇಳುತ್ತಿದ್ದರು. ಅದನ್ನು ಅವಳು ಹತ್ತು ಸಲ ಕೇಳಿಸಿಕೊಳ್ಳುತ್ತಿದ್ದಳು. ಅವಳ ಪಾಲಿಗೆ ಆ ಫೋನು ಅರ್ಧ ನಿಮಿಷದ ಶಾಲೆಯಾಗಿತ್ತು. ಮಗು ಎಷ್ಟು ಹೊತ್ತು ಫೋನು ಹಿಡಿದಿದೆ ಎಂದಷ್ಟೇ ಲೆಕ್ಕ ಹಾಕಿದರೆ ಸಾಲದು. ಏನು ನೋಡುತ್ತಿದೆ, ಯಾರ ಜೊತೆ ಮಾತಾಡುತ್ತಿದೆ, ಅದಕ್ಕಾಗಿ ಏನು ಬಿಟ್ಟಿದೆ ಎಂದೂ ನೋಡಬೇಕು. ನಿದ್ದೆ ಬಿಟ್ಟಿದೆಯೇ, ಊಟ ಬಿಟ್ಟಿದೆಯೇ, ಆಟ ಬಿಟ್ಟಿದೆಯೇ?

ಹಾಗೆಂದು ಅತಿಯಾದದ್ದನ್ನು ಸುಮ್ಮನೆ ಬಿಡಿ ಎನ್ನುತ್ತಿಲ್ಲ. ಆ ಆಟಗಳನ್ನು ಬಿಡಲಾಗದಂತೆಯೇ ಮಾಡಿರುತ್ತಾರೆ. ಒಮ್ಮೆ ಗೆಲುವು, ನಾಲ್ಕು ಸಲ ಸೋಲು, ಮತ್ತೆ ಗೆಲ್ಲುವ ಆಸೆ. ಒಂದು ವಿಡಿಯೋ ಮುಗಿಯುವ ಮುಂಚೆ ಇನ್ನೊಂದು ಸಿದ್ಧ. ದೊಡ್ಡವರಾದ ನಮಗೇ ರೀಲ್ಸ್ ಬಿಡಲು ಆಗುವುದಿಲ್ಲ, ಮಕ್ಕಳ ಪಾಡೇನು? ಅತಿಯಾದ ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೇ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಿಂದ 'ಶಟ್' ಎಂಬ ಕ್ಲಿನಿಕ್ ನಡೆಯುತ್ತಿದೆ. ಅಂದರೆ ಇದು ಕೊರೊನಾಕ್ಕೂ ಮುಂಚಿನ ತೊಂದರೆ, ಕೊರೊನಾ ಅದನ್ನು ಹಳ್ಳಿಯ ಮನೆಮನೆಗೆ ತಂದಿತು.

"ನಮಗೆಲ್ಲಿ ಪುರುಸೊತ್ತು?" ಎಂಬುದು ಇನ್ನೊಂದು ಮಾತು. ನಿಜ. ನಾಲ್ಕೂವರೆಗೆ ಎದ್ದರೆ ರಾತ್ರಿ ಹತ್ತಕ್ಕೆ ಮಲಗುವವರು ನಾವು. ಮಕ್ಕಳು ಫೋನಿನ ಜೊತೆ ಒಂಟಿಯಾಗಿರುವುದೂ ನಾವು ಕೊಟ್ಟಿಗೆಯಲ್ಲಿರುವ ಬೆಳಿಗ್ಗೆ ಸಂಜೆಯ ಹೊತ್ತಿನಲ್ಲೇ. ಹೊಸದಾಗಿ ಸಮಯ ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಇರುವ ಹೊತ್ತಿನಲ್ಲೇ ನಮ್ಮ ಮನೆಯಲ್ಲಿ ಮಾಡಿಕೊಂಡ ಕೆಲವು ಬದಲಾವಣೆಗಳನ್ನು ಹೇಳುತ್ತೇನೆ.

ಮೊದಲನೆಯದು, ಡೈರಿಗೆ ಹೋಗುವಾಗ ಮಗುವನ್ನು ಜೊತೆಗೆ ಕರೆದುಕೊಂಡು ಹೋಗುವುದು. ಡಾಕ್ಟರಮ್ಮ ಕೇಳಿದ ಮಾರನೇ ದಿನದಿಂದ ಮಗಳನ್ನು ಸಂಜೆ ಕರೆದುಕೊಂಡು ಹೋದೆ. ಹೋಗಿ ಬರಲು ಇಪ್ಪತ್ತು ನಿಮಿಷ. ಎದುರು ಕೂರಿಸಿಕೊಂಡು "ಏನಾಯ್ತು ಹೇಳು" ಎಂದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಡೆಯುತ್ತಾ ತಾವಾಗಿಯೇ ಹೇಳುತ್ತಾರೆ. ಡೈರಿಯಲ್ಲಿ ಅವಳು ಪಾಸ್‌ಬುಕ್‌ಗಳಲ್ಲಿ ಲೀಟರು, ಫ್ಯಾಟು ಬರೆದುಕೊಟ್ಟಳು. ಅವಳ ವಯಸ್ಸಿನ ಇನ್ನಿಬ್ಬರು ಹುಡುಗಿಯರು ಅಮ್ಮಂದಿರ ಜೊತೆ ಬರತೊಡಗಿದರು. ದೂರ ದೂರ ನಿಂತೇ ಮಾತಾಡಿಕೊಂಡರು. ಹೊಟ್ಟೆನೋವು ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ.

ಎರಡನೆಯದು, ಫೋನಿಗೂ ಮಲಗುವ ಹೊತ್ತು, ಮಲಗುವ ಜಾಗ. ರಾತ್ರಿ ಒಂಬತ್ತಕ್ಕೆ ಎಲ್ಲರ ಫೋನೂ ಅಡುಗೆಮನೆಯ ಗೂಡಿನಲ್ಲಿ ಚಾರ್ಜಿಗೆ. ಎಲ್ಲರದೂ ಅಂದರೆ ನಮ್ಮ ಯಜಮಾನರದೂ ಸೇರಿ. ಅವರನ್ನು ಒಪ್ಪಿಸುವುದೇ ಮಗನನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ದೊಡ್ಡವರು ಪಾಲಿಸಿದ ಮೇಲೆ ಮಗನ ತಕರಾರು ಕಡಿಮೆಯಾಯಿತು.

ಮೂರನೆಯದು, ಕೆಲಸವೂ ಫೋನೂ ಇಬ್ಬರಿಗೂ ಸಮ. ಮಗನೂ ಸಗಣಿ ಬಾಚಲಿ, ಮಗಳಿಗೂ ಫೋನಿನ ಹೊತ್ತು ಇರಲಿ. ಮೊದಮೊದಲು ಅತ್ತೆಯವರು ಗೊಣಗಿದರು. ಮಗನಿಗೆ ಕೊಟ್ಟಿಗೆ ಕೆಲಸ ಶಿಕ್ಷೆಯಾಗಲಿಲ್ಲ, ಔಷಧವಾಯಿತು. ಮೈ ದಣಿದವನಿಗೆ ರಾತ್ರಿ ನಿದ್ದೆ ಬಂತು. ಈಗ ಅವನು ಡಿಪ್ಲೊಮಾ ಓದುತ್ತಿದ್ದಾನೆ. ರಜೆಗೆ ಬಂದರೆ ಬೆಳಗಿನ ಹಾಲು ಅವನೇ ಕರೆಯುತ್ತಾನೆ. ಆಟ ಈಗಲೂ ಆಡುತ್ತಾನೆ, ಊಟಕ್ಕೆ ಕರೆದರೆ ಎದ್ದು ಬರುತ್ತಾನೆ. ಅಷ್ಟು ಸಾಕು ನನಗೆ.

ನಾಲ್ಕನೆಯದು, ಬಟವಾಡೆ ಬರುವ ಖಾತೆಯ ಪಿನ್ ನಂಬರು ಮಕ್ಕಳಿಗೆ ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿದೆ. ಆದರೂ ಮಾಮೂಲಿ ಆಟಗಳ ಒಳಗೆ ಅದು ಕೊಳ್ಳಿ ಇದು ಕೊಳ್ಳಿ ಎಂಬುದು ಇದ್ದೇ ಇದೆ. ಹಾಗೆಯೇ ಎಳೆಯ ಕೂಸಿಗೆ ಫೋನು ತೋರಿಸಿ ತುತ್ತು ತಿನ್ನಿಸುವುದನ್ನು ಬಿಡಬೇಕು. ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇನ್ನು ಮಗುವಿನ ಮನಸ್ಸು ಸರಿಯಿಲ್ಲ ಎಂದು ತಿಳಿಯುವುದು ಹೇಗೆ? ಗುಪ್ತ ಕೆಚ್ಚಲು ಬಾವು ನಮಗೆಲ್ಲ ಗೊತ್ತು. ಕೆಚ್ಚಲು ಊದಿರುವುದಿಲ್ಲ, ಹಾಲು ಒಡೆದಿರುವುದಿಲ್ಲ, ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ. ಮಕ್ಕಳ ಮನಸ್ಸಿನ ನೋವೂ ಅನೇಕ ಸಲ ಹಾಗೆಯೇ. ನಿದ್ದೆ ಕೆಟ್ಟಿದೆಯೇ, ಹಸಿವು ಬದಲಾಗಿದೆಯೇ, ಮೊದಲು ಇಷ್ಟವಿದ್ದ ಆಟ ಗೆಳೆತನ ಈಗ ಬೇಡವಾಗಿದೆಯೇ, ಕಾರಣವಿಲ್ಲದೆ ತಲೆನೋವು ಹೊಟ್ಟೆನೋವು ಎನ್ನುತ್ತಿದೆಯೇ, ಸಣ್ಣದಕ್ಕೂ ಸಿಟ್ಟು ಅಳು ಬರುತ್ತಿದೆಯೇ ನೋಡಿ. ಎರಡು ವಾರ ಹೀಗೇ ಇದ್ದರೆ ಕೇಳಿಬಿಡಬೇಕು. "ನಾನು ಇರಬಾರದಿತ್ತು" ಎಂಬಂಥ ಮಾತು ಬಂದರೆ ಎರಡು ವಾರ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಸಹಾಯ ಕೇಳಿ. ಹಸು ಒಂದು ದಿನ ಮೆಲುಕು ಹಾಕದಿದ್ದರೆ ನಾವು ರಾತ್ರಿಯಾದರೂ ಪಶುವೈದ್ಯರಿಗೆ ಫೋನು ಮಾಡುತ್ತೇವೆ.

14416ಕ್ಕೆ ಕರೆ ಮಾಡಿದರೆ 'ಟೆಲಿ ಮಾನಸ್'ನವರು ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮಗುವಿಗೆ ತೊಂದರೆಯಾಗುತ್ತಿದ್ದರೆ, ಬಾಲ್ಯವಿವಾಹದ ಸುಳಿವು ಸಿಕ್ಕರೆ 1098. ತಾಲೂಕು ಆಸ್ಪತ್ರೆಗಳಿಗೆ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವತ್ತು ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿಗೆ ಹೋದರೆ ಹುಚ್ಚು ಎಂದುಬಿಡುತ್ತಾರೆ ಎಂಬ ಹೆದರಿಕೆ ಬೇಡ. ಜ್ವರಕ್ಕೆ ಹೋದಂತೆಯೇ ಇದೂ.

ಕೊನೆಗೆ ಸಂಘದ ಮಾತು. ನಮ್ಮ ಹಾಲಿಗೂ ಶಾಲೆಗೂ ಹಳೆಯ ನಂಟಿದೆ. 2013ರಿಂದ 'ಕ್ಷೀರಭಾಗ್ಯ'ದಲ್ಲಿ ಶಾಲೆಯ ಮಕ್ಕಳು ಕುಡಿಯುತ್ತಿರುವುದು ನಾವು ಹಾಕಿದ ಹಾಲೇ. ಶಾಲೆ ಮುಚ್ಚಿದಾಗ ಆ ಲೋಟವೂ ಖಾಲಿಯಾಗಿತ್ತು. ಹಾಗಾಗಿ ಮಕ್ಕಳ ಕ್ಷೇಮ ಸಂಘದ ವಿಷಯವಲ್ಲ ಎಂದು ಯಾರೂ ಹೇಳುವಂತಿಲ್ಲ. ಕರುಗಳ ಪ್ರದರ್ಶನಕ್ಕೆ, ಬರಡು ರಾಸುಗಳ ಶಿಬಿರಕ್ಕೆ ಜಾಗ ಕೊಡುವ ನಾವು ವರ್ಷಕ್ಕೆ ಒಂದು ಸಲ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆಯೂ ತಿಳಿದವರನ್ನು ಕರೆಸಬಹುದು. ಹಾಲಿನ ಹೊತ್ತು ಬಿಟ್ಟು ಖಾಲಿ ಇರುವ ಸಂಘದ ಕೋಣೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಕೂಡಿ ಓದಬಹುದು.

ಅದಕ್ಕೂ ಆಗದಿದ್ದರೆ ಪಂಚಾಯಿತಿಯ ಗ್ರಂಥಾಲಯವಿದೆ. ಶಾಲೆಗಳು ಮುಚ್ಚಿದ್ದ ಕಾಲದಲ್ಲೇ, 2020ರ ನವೆಂಬರಿನಲ್ಲಿ, 'ಓದುವ ಬೆಳಕು' ಎಂದು ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಶುರು ಮಾಡಿದರು. ನಮ್ಮೂರಿನ ಗ್ರಂಥಾಲಯಕ್ಕೆ ಹುಡುಗರು ಹೋಗುತ್ತಾರೆ, ಹುಡುಗಿಯರು ಕಡಿಮೆ. "ಸಂಜೆ ಹೊತ್ತು ಹೆಣ್ಮಕ್ಕಳು ಯಾಕೆ ಹೊರಗೆ" ಎನ್ನುತ್ತೇವೆ. ಅದೇ ಸಂಜೆ ಹೊತ್ತು ನಾವೆಲ್ಲ ಡೈರಿಗೆ ಬರುತ್ತೇವಲ್ಲ? ಬರುವಾಗ ಕರೆತಂದು ಬಿಟ್ಟು, ಹೋಗುವಾಗ ಕರೆದುಕೊಂಡು ಹೋದರಾಯಿತು.

ಮುಂದಿನ ತಿಂಗಳ ನಮ್ಮ ಸಂಘದ ಸಭೆಯಲ್ಲಿ ನಾನು ಈ ವಿಷಯ ಎತ್ತುತ್ತಿದ್ದೇನೆ. ನಿಮ್ಮ ನಿಮ್ಮ ಸಂಘಗಳಲ್ಲಿ ನೀವೂ ಎತ್ತಿ. ಅದಕ್ಕೂ ಮೊದಲು ಇವತ್ತು ಸಂಜೆ ಹಾಲಿನ ಕ್ಯಾನು ಎತ್ತಿಕೊಳ್ಳುವಾಗ ಮನೆಯಲ್ಲಿ ಸುಮ್ಮನಿರುವ ಮಗು ಯಾವುದು ಎಂದು ಒಮ್ಮೆ ನೋಡಿ, ಅದನ್ನು ಜೊತೆಗೆ ಕರೆದುಕೊಂಡು ಬನ್ನಿ.

— ಒಬ್ಬ ಹಾಲು ಪರೀಕ್ಷಕಿ, ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ